ಬಲಗಡೆಯ ಬೆಳಕಿಂಡಿ

ಜನವರಿ 9

ತಮ್ಮಾ,

ಅಕ್ಷರ ಸೊಟ್ಟಗಿದ್ದರೆ ನಗಬೇಡ. ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೇನೆ. ಅಂಗಾತ ಮಲಗಿ, ಹಾಳೆಯನ್ನು ಮುಖದ ಮೇಲೆ ಎತ್ತಿ ಹಿಡಿದು ಬರೆದರೆ ಪೆನ್ನಿಗೆ ಇಂಕು ಇಳಿಯುವುದಿಲ್ಲ. ಐವತ್ತೆರಡು ವರ್ಷ ಬದುಕಿ ಈಗ ಕಲಿತ ಪಾಠ ಇದು.

ಡಿಸೆಂಬರಿನಲ್ಲಿ ಗ್ರಂಥಾಲಯದ ಚಾವಣಿಗೆ ಬೆಳಕಿಂಡಿ ಕೂರಿಸುತ್ತಿದ್ದಾಗ ಬಿದ್ದೆ. ಮೂವತ್ತು ವರ್ಷದಿಂದ ಹತ್ತಿ ಇಳಿದ ಚಾವಣಿಗಳು ಎಷ್ಟೋ. ಅವತ್ತು ಕಾಲು ಒಂದು ಗಳಿಗೆ ಮೈಮರೆಯಿತು. ಬೆನ್ನುಮೂಳೆಗೆ ಪೆಟ್ಟು, ಅಂದಿನಿಂದ ಆಸ್ಪತ್ರೆಯಲ್ಲೇ ಇದ್ದೇನೆ. ಮಾರ್ಚ್ ಏಳಕ್ಕೆ ಆಪರೇಷನ್. ಆಮೇಲೆ ಕೂರಬಹುದು, ನಡೆಯಲೂಬಹುದು, ಎರಡೂ ಆಗದೆ ಇರಬಹುದು ಎಂದು ಡಾಕ್ಟರು ಮೂರನ್ನೂ ಒಂದೇ ದನಿಯಲ್ಲಿ ಹೇಳಿ ಹೋದರು.

ಕನಿಕರ ಬೇಡಿ ಬರೆಯುತ್ತಿಲ್ಲ. ಏಳು ವರ್ಷದ ಹಿಂದೆ, ಅಪ್ಪ ಹೋದ ಮಾರನೆಯ ದಿನ ನೀನು ಬಂದು ನಿಂತಾಗ "ಬೇಕರಿ ಒಲೆ ಆರಿಸಿ ಬರೋಕೆ ಇಷ್ಟು ದಿನ ಬೇಕಾಯ್ತಾ?" ಎಂದು ಕೇಳಿ ಬಾಗಿಲು ಹಾಕಿಕೊಂಡವಳು ನಾನು. ಅದು ನನಗೆ ನೆನಪಿದೆ. ನಿನಗೂ ನೆನಪಿರುತ್ತದೆ ಎಂದು ಗೊತ್ತು.

ವಿಷಯಕ್ಕೆ ಬರುತ್ತೇನೆ. ಅಪ್ಪ ಕೊನೆಯ ಮೂರು ತಿಂಗಳು ಹಾಸಿಗೆಯಲ್ಲಿ ಒರಗಿಕೊಂಡೇ ಒಂದು ಗೊಂಬೆಮನೆ ಮಾಡಿದ. ಗೊಂಬೆಮನೆ ಎಂದರೆ ನಮ್ಮ ಮನೆಯೇ, ಅಟ್ಟ ಸಮೇತ. ಹದಿಮೂರು ಮೆಟ್ಟಿಲು, ಅಟ್ಟದ ಮೇಲೆ ನನ್ನ ನಿನ್ನ ಎರಡು ಹಾಸಿಗೆ, ನೀನು ಹಲ್ಲು ಊರಿ ಗುರುತು ಮಾಡಿದ್ದ ಸ್ಟೂಲು, ಎಲ್ಲ ಇವೆ. ಚಾವಣಿಗೆ ಮಾತ್ರ ಬೆಳಕಿಂಡಿ ಕೊರೆದಿಲ್ಲ. ಕೇಳಿದರೆ "ಅವನು ಬರಲಿ ತಡಿ, ಅವನ ಕೈಲೇ ಕೊರೆಸ್ತೀನಿ" ಎನ್ನುತ್ತಿದ್ದ. ನೀನು ಬರಲಿಲ್ಲ. ಅಪ್ಪ ಹೋದ ಮೇಲೆ ನಾನೂ ಅದನ್ನು ಮುಟ್ಟಲಿಲ್ಲ.

ಈಗ ಮುಟ್ಟೋಣವೆಂದರೆ ನನಗೆ ಏಳಲಾಗುವುದಿಲ್ಲ. ಮನೆ, ಅದರ ಕಿಟಕಿಗಳಿರುವ ಪೆಟ್ಟಿಗೆ, ಸಣ್ಣ ಗರಗಸ, ಕೈಬೈರಿಗೆ, ಚಾಕು ಎಲ್ಲವನ್ನೂ ಸಾಮಾನು ಸಾಗಿಸುವ ವ್ಯಾನಿನಲ್ಲಿ ನಿನಗೆ ಕಳಿಸಿದ್ದೇನೆ. ಆಪರೇಷನ್‌ಗೆ ಮುಂಚೆ ಅದಕ್ಕೆ ಬೆಳಕು ಬಿದ್ದಿದೆ ಎಂದು ಕೇಳಿಸಿಕೊಳ್ಳಬೇಕು ನನಗೆ. ಬೇಡ ಅನ್ನಿಸಿದರೆ ಅದೇ ವ್ಯಾನಿನಲ್ಲಿ ವಾಪಸು ಕಳಿಸು. ತಪ್ಪು ತಿಳಿಯುವುದಿಲ್ಲ.

ಇತಿ,
ಅಕ್ಕ


ಜನವರಿ 20

ಅಕ್ಕನಿಗೆ,

ಮನೆ ಬಂತು. ಎಲ್ಲೂ ಏಟಾಗಿಲ್ಲ. ಹಿಟ್ಟು ನಾದುವ ಮೇಜಿನ ಮೇಲೆ ಇಡಿಸಿದೆ. ಅದರಷ್ಟು ಗಟ್ಟಿಯಾದ ಮೇಜು ಮನೆಯಲ್ಲಿ ಇನ್ನೊಂದಿಲ್ಲ. "ನನ್ನ ಅರ್ಧ ಬೇಕರಿ ಹೋಯ್ತು" ಎಂದು ಹೆಂಡತಿ ಗೊಣಗಿದಳು. ಆಮೇಲೆ ನೋಡಿದರೆ ಅವಳೇ ಬ್ರಷ್ ಹಿಡಿದು ಮೆಟ್ಟಿಲಿನ ಧೂಳು ಒರೆಸುತ್ತಿದ್ದಳು.

ನಿನಗೆ ಬಿದ್ದ ಪೆಟ್ಟಿನ ಸುದ್ದಿಯನ್ನು ಎರಡು ಸಲ ಓದಿದೆ. ಡಾಕ್ಟರು ಮತ್ತೇನಾದರೂ ಹೇಳಿದರೆ ತಿಳಿಸು.

ನಾನು ಬ್ರೆಡ್ ಮಾಡುವವನು. ಮರ ನನಗೆ ಒಲಿದಿದ್ದರೆ ಹತ್ತೊಂಬತ್ತಕ್ಕೇ ಮನೆ ಬಿಡುತ್ತಿರಲಿಲ್ಲ. ಆದರೂ ಮಾಡುತ್ತೇನೆ, ಹೇಗೆಂದು ಬರೆ. ಅಪ್ಪನಿಗಾಗಿ ಎಂದುಕೊಳ್ಳಬೇಡ. ಆ ಮನೆಯಲ್ಲಿ ಅವನು ನನಗೆಂದು ಏನು ಇಟ್ಟಿದ್ದ? ಬೆಳಕಿಂಡಿ ಇದ್ದದ್ದು ನಿನ್ನ ಹಾಸಿಗೆಯ ಮೇಲೆ. ನಿನ್ನ ಬಿಸಿಲಿನ ಚೌಕದಲ್ಲಿ ಒಂದಿಷ್ಟು ಹೊತ್ತು ಕೂರಲು ನಾನು ದಿನಾ ನಿನ್ನ ಚಪ್ಪಲಿ ಒರೆಸಿಕೊಡಬೇಕಿತ್ತು. ನನ್ನ ಮೂಲೆಯಲ್ಲಿ ಕೈ ಚಾಚಿದರೆ ಕೈಯೇ ಕಾಣುತ್ತಿರಲಿಲ್ಲ. ಎಂಟು ವರ್ಷದವನಿಗೆ ಅದರಿಂದ ಅರ್ಥವಾಗಿದ್ದು ಒಂದೇ: ಅಪ್ಪನ ಲೆಕ್ಕದಲ್ಲಿ ನಾನಿಲ್ಲ.

ಇನ್ನೊಂದು ವಿಷಯ. ಪೆಟ್ಟಿಗೆಯಲ್ಲಿ ಎರಡು ಕಿಟಕಿಗಳಿವೆ. ಗಾಜು ಕೂರಿಸಿ, ಚೌಕಟ್ಟು ಉಜ್ಜಿ, ಎರಡೂ ತಯಾರಾಗಿವೆ. ನಮ್ಮ ಅಟ್ಟದಲ್ಲಿ ಇದ್ದದ್ದು ಒಂದೇ ಅಲ್ಲವೇ? ಕೊನೆಗಾಲದಲ್ಲಿ ಅಪ್ಪನಿಗೆ ಮರೆವು ಬಂದಿತ್ತಾ?

ಇತಿ,
ತಮ್ಮ


ಜನವರಿ 27

ತಮ್ಮಾ,

ವಾಪಸು ಕಳಿಸಲಿಲ್ಲವಲ್ಲ, ಅಷ್ಟೇ ಸಾಕಾಗಿತ್ತು. ನೀನು ಕಾಗದವನ್ನೂ ಬರೆದೆ.

ಮೊದಲು ಎಡಗಡೆಯ ಇಳಿಜಾರು ಹಿಡಿ, ನನ್ನ ಹಾಸಿಗೆಯ ಮೇಲಿನದು. ಗುರುತು ಹೊರಗಿನಿಂದ ಹಾಕಬೇಡ. ಅಪ್ಪನ ಪದ್ಧತಿ ಗೊತ್ತಲ್ಲ, ಬೆಳಕು ಯಾರಿಗೆ ಬೇಕೋ ಅವರ ಕಡೆಯಿಂದ ಅಳೆಯುತ್ತಿದ್ದ. ನಿಜವಾದ ಮನೆಗಳಿಗೆ ಬೆಳಕಿಂಡಿ ಇಡುವಾಗಲೂ ಅಷ್ಟೇ, ಮನೆಯವರ ಹಾಸಿಗೆಯ ಮೇಲೆ ತಾನೇ ಮಲಗಿ ಮೇಲೆ ನೋಡಿ, ಆಮೇಲೆ ಏಣಿ ಹತ್ತುತ್ತಿದ್ದ. ಗೊಂಬೆಮನೆಯ ಹಿಂಬದಿ ತೆರೆದೇ ಇದೆ. ಕೈ ಒಳಗೆ ಹಾಕಿ, ದಿಂಬಿನಿಂದ ನೇರ ಮೇಲಕ್ಕೆ ನೋಡಿ ನಾಲ್ಕು ಮೂಲೆ ಗುರುತಿಸು. ಬೈರಿಗೆಯಿಂದ ಒಳಗಿನಿಂದಲೇ ನಾಲ್ಕು ತೂತು ಮಾಡು. ಹೊರಗೆ ಆ ತೂತುಗಳನ್ನು ಸೇರಿಸಿ ಗೆರೆ ಎಳೆ. ಚಾಕುವನ್ನು ಒತ್ತಬೇಡ. ಅದೇ ಗೆರೆಯಲ್ಲಿ ಹಗುರವಾಗಿ ಮೂವತ್ತು ಸಲ ಹೋಗು. ಕಿಂಡಿ ಕಿಟಕಿಗಿಂತ ಒಂದು ಕೂದಲಷ್ಟು ದೊಡ್ಡದಿರಲಿ. ಅಂಚಿನ ಒರಟನ್ನು ಆಮೇಲೆ ಕಿಟಕಿಯ ಸುತ್ತ ಅಂಟಿಸುವ ಮರದ ಅಂಚುಪಟ್ಟಿ ಮುಚ್ಚಿಕೊಳ್ಳುತ್ತದೆ.

ಇಲ್ಲಿ ನನ್ನ ವಾರ್ಡಿನ ಚಾವಣಿಯಲ್ಲೂ ಒಂದು ಬೆಳಕಿಂಡಿ ಇದೆ. ಅದನ್ನು ಕೂರಿಸಿದವನು ಸೋಮಾರಿ, ಮೇಲಿನ ಪಟ್ಟಿ ಒಂದು ಬೆರಳು ಗಿಡ್ಡ. ದಿನವಿಡೀ ಅದನ್ನೇ ನೋಡುತ್ತ ಅವನಿಗೆ ಬೈದುಕೊಳ್ಳುತ್ತೇನೆ. ಬಿಸಿಲಿನ ಚೌಕ ಮಧ್ಯಾಹ್ನ ಗೋಡೆ ಇಳಿದು ಮೂರು ಗಂಟೆಗೆ ನನ್ನ ಪಾದದ ಮೇಲೆ ಬರುತ್ತದಂತೆ. ನರ್ಸಮ್ಮ ಹೇಳಿದ್ದು. ನನಗೆ ಅಲ್ಲಿ ಬಿಸಿ ಗೊತ್ತಾಗುವುದಿಲ್ಲ.

ನೋವಿನ ಮಾತ್ರೆ ನುಂಗಿದರೆ ಕಣ್ಣು ಮುಚ್ಚದೆಯೇ ಕನಸು ಬೀಳುತ್ತದೆ. ನಿನ್ನೆ ನಾನು ಹೆಬ್ಬೆರಳಿನಷ್ಟಾಗಿದ್ದೆ. ಗೊಂಬೆಮನೆಯ ಮೆಟ್ಟಿಲು ಹತ್ತುತ್ತಿದ್ದೆ. ಏಳನೆಯದು ಅಲ್ಲೂ ಕಿರ್ ಎಂದಿತು. ಅಟ್ಟಕ್ಕೆ ಹೋದರೆ ಅಪ್ಪ ಚಾವಣಿಯ ಆಚೆ ನಿಂತು, ಒಂದು ಕಣ್ಣು ಇಟ್ಟು ಒಳಗೆ ನೋಡುತ್ತಿದ್ದ. ಕಣ್ಣು ಆಕಾಶದಷ್ಟು ದೊಡ್ಡದು. ಹೆದರಿಕೆ ಆಗಲಿಲ್ಲ, ನಾಚಿಕೆ ಆಯಿತು.

ಎರಡನೆಯ ಕಿಟಕಿ ಹೆಚ್ಚುವರಿ ಇರಬೇಕು. ಒಂದು ಒಡೆದರೆ ಇರಲಿ ಎಂದು ಮಾಡಿರುತ್ತಾನೆ. ಅದನ್ನು ಸದ್ಯಕ್ಕೆ ಮರೆತುಬಿಡು.

ಇತಿ,
ಅಕ್ಕ


ಫೆಬ್ರವರಿ 10

ಅಕ್ಕಾ,

ಬೇಕರಿಯ ಕೆಲಸ ಮುಗಿಸಿ ಮಧ್ಯಾಹ್ನ ಮಧ್ಯಾಹ್ನ ಕೂತು ಮೂರು ದಿನದಲ್ಲಿ ಕಿಂಡಿ ಕೊರೆದೆ. ಮೂವತ್ತು ಸಲ ಅಂದಿದ್ದೆ, ನನಗೆ ನೂರು ಸಲ ಬೇಕಾಯಿತು. ಮರದ ಚೂರು ಟಪ್ಪೆಂದು ಒಳಗೆ ಬಿದ್ದ ಮೇಲೆ ಕೈಯನ್ನು ಏಪ್ರನ್ನಿಗೆ ಒರೆಸಿ ನೀರು ಕುಡಿದು ಬಂದೆ.

ಆಮೇಲೆ ಮಾನ ಹೋಯಿತು. ಚೌಕಟ್ಟು ಕೂರಿಸಿ, ಸುತ್ತ ಅಂಚುಪಟ್ಟಿಗೆ ಅಂಟು ಹಚ್ಚಿ ಅಂಟಿಸಿದೆ. ಅಂಟಿಗೆ ಒಂದಿಷ್ಟು ವಿಶ್ರಾಂತಿ ಬೇಕಲ್ಲ ಅನ್ನಿಸಿತು. ಮೂವತ್ತು ವರ್ಷದ ಕೈ, ಅದರಷ್ಟಕ್ಕೆ ಅದೇ ಕೆಲಸ ಮಾಡಿಬಿಟ್ಟಿತು: ಒದ್ದೆ ಬಟ್ಟೆ ಹಿಂಡಿ ಮೇಲೆ ಹೊದಿಸಿದೆ. ಹಿಟ್ಟಿಗೆ ಹೊದಿಸುತ್ತೇವಲ್ಲ, ಹಾಗೆ! ಮಾರನೆಯ ದಿನ ಬಟ್ಟೆ ತೆಗೆದರೆ ನಾಲ್ಕು ಪಟ್ಟಿಯೂ ನೀರು ಕುಡಿದು, ಬಿಲ್ಲಿನಂತೆ ಬಾಗಿ ಎದ್ದಿವೆ. ಹೆಂಡತಿ ಬಗ್ಗಿ ನೋಡಿ, "ಚೆನ್ನಾಗಿ ಉಬ್ಬಿದೆ ಕಣ್ರೀ, ಒಲೆಗೆ ಹಾಕೋಣ್ವಾ?" ಎಂದಳು. ಅವತ್ತಿಡೀ ಅಂಗಡಿಗೆ ಬಂದವರಿಗೆಲ್ಲ ಅದನ್ನೇ ಹೇಳಿದಳು.

ನಗು, ಪರವಾಗಿಲ್ಲ. ಅಲ್ಲಿ ನಗುವುದಕ್ಕೆ ಏನೂ ಇರಲಾರದು.

ಪಟ್ಟಿಗಳನ್ನು ಕಿತ್ತು, ಬರೀ ಕಿಟಕಿ ಇರುವ ಮನೆಯನ್ನು ಹಿತ್ತಲಿಗೆ ಒಯ್ದು ಬಿಸಿಲಲ್ಲಿಟ್ಟೆ. ಮೊಣಕಾಲೂರಿ ಹಿಂಬದಿಯಿಂದ ಕಣ್ಣಿಟ್ಟೆ. ನಿನ್ನ ಚೌಕ ಬಂತು ಅಕ್ಕಾ. ಹಾಸಿಗೆಯ ಮೇಲೆ, ಬೆಂಕಿಪೊಟ್ಟಣದಷ್ಟೇ. ಹಿಟ್ಟಿನ ಧೂಳೋ ಮರದ ಧೂಳೋ ಅದರಲ್ಲಿ ತೇಲುತ್ತಿತ್ತು. ಅದು ನಿನ್ನ ಹಾಸಿಗೆಯಿಂದ ಇಳಿದು ನೆಲದ ಮೇಲೆ ನಡೆದು ಬರುವವರೆಗೆ ನಾನು ಅಲುಗಾಡಲಿಲ್ಲ. ನನ್ನ ಹಾಸಿಗೆಯ ಕಾಲಿನವರೆಗೆ ಬಂದು ನಿಂತಿತು. ಆಗಲೂ ಅಲ್ಲಿಗೇ ನಿಲ್ಲುತ್ತಿತ್ತು. ನನ್ನ ಕತ್ತು ಹಿಡಿದುಕೊಂಡುಬಿಟ್ಟಿತು, ಹೆಂಡತಿ ಬಂದು ಎಬ್ಬಿಸಬೇಕಾಯಿತು.

ಈಗ ಹೇಳು. ಎರಡನೆಯ ಕಿಟಕಿ ಹೆಚ್ಚುವರಿ ಅಲ್ಲ. ಚೌಕಟ್ಟಿನ ಹಿಂದೆ ಅಪ್ಪನ ಪೆನ್ಸಿಲ್ ಇದೆ. ಒಂದರ ಮೇಲೆ 'ಎಡ', ಇನ್ನೊಂದರ ಮೇಲೆ 'ಬಲ'. ಬಲಗಡೆ ಇದ್ದದ್ದು ನನ್ನ ಹಾಸಿಗೆ. ನೀನು ಕೊನೆಯವರೆಗೆ ಅವನ ಜೊತೆ ಇದ್ದೆ. ನಿನಗೆ ಗೊತ್ತಿರಲೇಬೇಕು.

ಇತಿ,
ತಮ್ಮ


ಫೆಬ್ರವರಿ 19

ಗೂಬೆ,

ಈ ಹೆಸರಿಟ್ಟು ಕರೆದು ಎಷ್ಟು ವರ್ಷವಾಯಿತು! ಒದ್ದೆ ಬಟ್ಟೆ ಹೊದಿಸಿದೆಯಾ? ಅಯ್ಯೋ ನಿನ್ನ! ನಕ್ಕು ನಕ್ಕು ಬೆನ್ನು ಹಿಡಿದುಕೊಂಡಿತು. ನರ್ಸಮ್ಮ ಓಡಿ ಬಂದಳು. ಅವಳಿಗೂ ಓದಿ ಹೇಳಿದೆ.

ಹೊಸ ಪಟ್ಟಿ ಕತ್ತರಿಸಿಕೋ. ಅಂಟಿಸುವ ಮೊದಲೇ ಬಣ್ಣ ಬಳಿದು ಒಣಗಿಸು, ಆಗ ಗಾಜಿಗೆ ಬಣ್ಣ ತಾಗುವುದಿಲ್ಲ. ಮೂಲೆಗಳನ್ನು ಓರೆಯಾಗಿ ಕೊಯ್ದು ಒಂದಕ್ಕೊಂದು ಕೂಡಿಸು. ಮೊದಲು ಕೆಳಗಿನ ಪಟ್ಟಿ, ಆಮೇಲೆ ಪಕ್ಕದ ಎರಡು, ಕೊನೆಗೆ ಮೇಲಿನದು. ಹಾಗಿದ್ದರೆ ಮಳೆನೀರು ಒಂದರ ಮೇಲಿಂದ ಒಂದಕ್ಕೆ ಇಳಿದು ಹೋಗುತ್ತದೆ, ಸಂದಿಗೆ ನುಗ್ಗುವುದಿಲ್ಲ. ಗೊಂಬೆಮನೆಗೆ ಎಲ್ಲಿಯ ಮಳೆ? ಆದರೂ ಅಪ್ಪ ಹಾಗೇ ಮಾಡುತ್ತಿದ್ದ. ಮೂಲೆಯಲ್ಲಿ ಸಂದು ಉಳಿದರೆ ಮರದ ಪುಡಿಗೆ ಅಂಟು ಹಾಕಿ ನಾದಿ ತುಂಬು. ಅದು ನಿನಗೆ ಬರುವ ಕೆಲಸ.

ಇಷ್ಟು ಬರೆದು ಎರಡು ದಿನ ಹಾಳೆಯನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ.

ನನಗೆ ಹನ್ನೊಂದು, ನಿನಗೆ ಎಂಟು. ಚಾವಣಿಯ ಹಲಗೆ ಬದಲಾಯಿಸಲು ಅಪ್ಪ ಮೇಲೆ ಹತ್ತಿದ್ದ. ನಾನು ಮೊಳೆ ಎತ್ತಿಕೊಡುತ್ತಿದ್ದೆ. ನಿನ್ನ ಹಾಸಿಗೆಯ ಮೇಲೆ ಬಂದಾಗ ಕೈ ನಿಲ್ಲಿಸಿ ಹೇಳಿದ: "ಇವನಿಗೂ ಒಂದು ಬೆಳಕಿಂಡಿ ಇಡೋಣ ಅಲ್ವಾ? ಹೋಗಿ ಕೇಳ್ಕೊಂಡು ಬಾ, ಎಲ್ಲಿ ಬೇಕು ಅಂತ." ನಾನು ಇಳಿದು ಬಂದೆ. ನೀನು ಅಂಗಳದಲ್ಲಿ ಮರ ಹೆರೆದ ಸುರುಳಿಗಳನ್ನು ಕಿವಿಗೆ ಸಿಕ್ಕಿಸಿಕೊಂಡು ಆಡುತ್ತಿದ್ದೆ. ನಾನು ಬಾಗಿಲ ಹಿಂದೆ ನಿಂತು ಇಪ್ಪತ್ತರವರೆಗೆ ಎಣಿಸಿದೆ. ಆಮೇಲೆ ಮೇಲೆ ಹೋಗಿ ಹೇಳಿದೆ: "ಅವನಿಗೆ ಬೇಡವಂತಪ್ಪಾ. ಗುಡುಗು ಮಿಂಚು ಕಂಡ್ರೆ ಹೆದರಿಕೆ ಆಗತ್ತಂತೆ."

ಅಪ್ಪ ನಕ್ಕ. "ಇರಲಿ ಬಿಡು. ದೊಡ್ಡವನಾದ್ಮೇಲೆ ಅವನೇ ಕೇಳ್ತಾನೆ" ಎಂದು ಹಲಗೆ ಮುಚ್ಚಿ ಮೊಳೆ ಹೊಡೆದ. ಅವನು ನೀನು ಕೇಳಲಿ ಎಂದು ಕಾದ. ಅವನಾಗಿ ಕೊಡಲಿಲ್ಲವಲ್ಲ ಎಂದು ನೀನು ಕೇಳಲೇ ಇಲ್ಲ. ನಡುವೆ ನಾನು ಎಲ್ಲ ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಯಾಕೆ ಎಂದು ಕೇಳುತ್ತೀಯ. ನಿನಗೂ ಬೆಳಕು ಬಂದರೆ ನನ್ನ ಚೌಕದ ಮುಂದೆ ನೀನು ಕಾದು ಕೂರುವುದಿಲ್ಲ ಎಂದು. ಅಷ್ಟೇ. ಹನ್ನೊಂದು ವರ್ಷದವಳ ಹೊಟ್ಟೆಕಿಚ್ಚು. ಅದಕ್ಕೆ ಕ್ಷಮೆ ಇರಬಹುದು. ಆದರೆ ನೀನು ಮನೆ ಬಿಡುವಾಗ ನನಗೆ ಇಪ್ಪತ್ತೆರಡು, ಅಪ್ಪ ನಿನ್ನ ದಾರಿ ಕಾಯುವಾಗ ನಲವತ್ತೈದು. ಆಗಲೂ ಹೇಳಲಿಲ್ಲ. ನೀನು ತಡವಾಗಿ ಬಂದಾಗ ನಿನ್ನ ಮುಖದ ಮೇಲೆ ಬಾಗಿಲು ಹಾಕಿದ್ದು ಸಿಟ್ಟಿನಿಂದಲ್ಲ, ನಿನ್ನ ಮುಖ ನೋಡಲು ಧೈರ್ಯ ಬರಲಿಲ್ಲ.

ಕಿಟಕಿ ಎರಡೂ ಲೆಕ್ಕದ್ದೇ. ಅಪ್ಪನಿಗೆ ಮರೆವು ಬಂದಿರಲಿಲ್ಲ.

ಅಕ್ಕ


ಮಾರ್ಚ್ 6

ತಮ್ಮಾ,

ಹದಿನೈದು ದಿನದಿಂದ ಅಂಚೆಯವನ ದಾರಿ ನೋಡುತ್ತಿದ್ದೇನೆ. ಇದು ಬೈಗುಳವಲ್ಲ. ನೀನು ಬರೆಯದಿದ್ದರೂ ಸರಿಯೇ.

ನಾಳೆ ಬೆಳಿಗ್ಗೆ ಎಂಟಕ್ಕೆ ಕರೆದೊಯ್ಯುತ್ತಾರೆ. ಬಲಗಡೆಯದು ಕೊರೆ ಎಂದು ಹೇಳುವ ಹಕ್ಕು ನನಗಿಲ್ಲ, ಹೇಳುವುದೂ ಇಲ್ಲ. ಇವತ್ತು ಮೂರು ಗಂಟೆಗೆ ಚೌಕ ಪಾದದ ಮೇಲೆ ಬಂದಿದೆ ಎಂದು ನರ್ಸಮ್ಮ ಹೇಳಿದಳು. ನಿನ್ನ ಕಿಟಕಿಯ ಬೆಳಕು ಇದು ಎಂದು ಅಂದುಕೊಂಡು ಮಲಗಿದ್ದೆ.

ಅಕ್ಕ


ಮಾರ್ಚ್ 28

ಎಡಗಡೆಯದು ಮುಗಿದಿದೆ. ಬಲಗಡೆಯದು ಪೆಟ್ಟಿಗೆಯಲ್ಲಿದೆ. ಮನೆ ವಾಪಸು ಕಳಿಸಿದ್ದೇನೆ.


ಏಪ್ರಿಲ್ 25

ತಮ್ಮಾ,

ಗೊಂಬೆಮನೆ ವಾರ್ಡಿಗೆ ಬಂದು ನಾಲ್ಕು ವಾರವಾಗುತ್ತ ಬಂತು. ಜೊತೆಗಿದ್ದ ಚೀಟಿಯಲ್ಲಿ ಮೇಲೆ ಅಕ್ಕ ಇರಲಿಲ್ಲ, ಕೆಳಗೆ ತಮ್ಮ ಇರಲಿಲ್ಲ. ಅದನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ನೀನು ಮಾಡಿದ ಅಂಚುಪಟ್ಟಿಯ ಮೇಲೆ ದಿನಾ ಬೆರಳಾಡಿಸಿದೆ. ಮೂಲೆಯಲ್ಲಿ ಉಗುರು ಹಾಕಿ ಹುಡುಕಿದರೂ ಸಂದು ಸಿಗಲಿಲ್ಲ. ಕೆಳಗಿನದು ಮೊದಲು, ಮೇಲಿನದು ಕೊನೆಗೆ. ಇಷ್ಟು ಸಿಟ್ಟಿನಲ್ಲಿ ಇಷ್ಟು ಚೊಕ್ಕ ಕೆಲಸ ಮಾಡಿದವರನ್ನು ನಾನು ಕಂಡಿಲ್ಲ. ಬಲಗಡೆಯ ಇಳಿಜಾರಿನಲ್ಲಿ ಮಾತ್ರ ಒಂದು ಗೀರೂ ಇರಲಿಲ್ಲ. ಹಾಗೇ ಬಿಟ್ಟು ನನಗೆ ಶಿಕ್ಷೆ ಕೊಟ್ಟೆ ಎಂದು ಮೊದಲ ವಾರ ಅತ್ತೆ. ಎರಡನೆಯ ವಾರ ಬುದ್ಧಿ ಬಂತು. ನಿನ್ನ ಬೆಳಕನ್ನು ಮುಚ್ಚಿದವಳು ನಾನು. ಅದನ್ನು ನೀನು ಯಾಕೆ ಕೊರೆಯಬೇಕು?

ದಿನಕ್ಕೆ ಕಾಲು ಗಂಟೆ ನನ್ನನ್ನು ಕೂರಿಸುತ್ತಾರೆ. ಆ ಕಾಲು ಗಂಟೆ ಕೈಕಾಲು ಆಡಿಸಬೇಕಂತೆ. ನಾನು ಚಾಕು ಆಡಿಸಿದೆ. "ವಾರ್ಡೇನು ಬಡಗಿ ಕೊಟ್ಟಿಗೆಯಾ?" ಎಂದು ನರ್ಸಮ್ಮ ಜಗಳಕ್ಕೆ ಬಂದಳು; ಮೂರನೆಯ ದಿನದಿಂದ ಅವಳೇ ಮನೆಯನ್ನು ಅಲುಗಾಡದಂತೆ ಹಿಡಿದುಕೊಂಡಳು. ದಿನಕ್ಕೆ ಒಂದು ಗೆರೆಯಷ್ಟೇ ಸಾಗಿತು. ನಾನು ಯಾವ ಕೆಲಸವನ್ನೂ ಇಷ್ಟು ನಿಧಾನ ಮಾಡಿಲ್ಲ. ಗುರುತನ್ನು ಒಳಗಿನಿಂದಲೇ ಹಾಕಿದೆ, ನಿನ್ನ ದಿಂಬಿನ ಮೇಲೆ ಬೆರಳಿಟ್ಟು. ಅಲ್ಲಿಂದ ಮೇಲೆ ನೋಡಿದ್ದು ಅದೇ ಮೊದಲು. ಎಷ್ಟು ಕತ್ತಲೆ ಇತ್ತೋ, ಪುಟ್ಟಾ.

ಮೊನ್ನೆ ಹಲಗೆಯ ಚೂರು ಒಳಗೆ ಬಿತ್ತು. ಕಿಟಕಿ ಅಳತೆಗೆ ಸರಿಯಾಗಿ ಕೂತಿತು. ಇವತ್ತು ಬೆಳಿಗ್ಗೆ ಗಾಲಿಕುರ್ಚಿಯಲ್ಲಿ ಕೂತು, ಮನೆಯನ್ನು ಆಸ್ಪತ್ರೆಯ ಜಗಲಿಗೆ ಒಯ್ಯಿಸಿ ನಮ್ಮ ಮನೆ ಯಾವ ದಿಕ್ಕಿಗಿತ್ತೋ ಅದೇ ದಿಕ್ಕಿಗೆ ತಿರುಗಿಸಿ ಇಡಿಸಿದೆ. ನನ್ನದು ಮಧ್ಯಾಹ್ನದ ಬಿಸಿಲು, ನಿನಗೆ ಗೊತ್ತೇ ಇದೆ. ನಿನ್ನದು ಬೆಳಗಿನದು. ಎಂಟು ಗಂಟೆಗೆ ನೇರ ದಿಂಬಿನ ಮೇಲೆ ಬಿತ್ತು. ನಾನು ನಿನ್ನಿಂದ ಕಸಿದುಕೊಂಡದ್ದು ಏನೆಂದು ನನಗೂ ಇವತ್ತೇ ಗೊತ್ತಾಯಿತು.

ಅಂಚುಪಟ್ಟಿ ಅಂಟಿಸಿಲ್ಲ. ನಾಲ್ಕನ್ನೂ ಕೊಯ್ದು ಬಣ್ಣ ಬಳಿದು ಇಟ್ಟಿದ್ದೇನೆ. ಅದು ನಿನ್ನ ಕೆಲಸ, ಮಾಡಿದರೆ. ಹಾಸಿಗೆಯಿಂದ ಬಾಗಿಲಿಗೆ ಒಂಬತ್ತು ಹೆಜ್ಜೆ, ನನಗೆ ನಾಲ್ಕು ಬರುತ್ತವೆ. ಪಾದದ ಮೇಲೆ ಬಿಸಿಲು ಬಿದ್ದರೆ ಈಗ ಬಿಸಿ ಗೊತ್ತಾಗುತ್ತದೆ.

ನಿನ್ನ ಚೌಕದಲ್ಲಿ ಒಂದಿಷ್ಟು ಹೊತ್ತು ಕೂರಬೇಕೆಂದರೆ ನಾನು ಏನು ಮಾಡಬೇಕು, ಹೇಳು.

ನಿನ್ನ ಅಕ್ಕ


ಮೇ 2

ಅಕ್ಕಾ,

ಪೆನ್ನಿನಲ್ಲಿ ಬರೆದಿದ್ದೀಯ! ಕಾಗದ ಬಿಚ್ಚಿದವನು ಒಂದು ಸಾಲೂ ಓದದೆ "ಇಂಕು, ಇಂಕು" ಎಂದು ಕೂಗಿಕೊಂಡು ಒಳಗೆ ಓಡಿದೆ. ಹೆಂಡತಿ ನನಗೆ ತಲೆ ಕೆಟ್ಟಿತೆಂದುಕೊಂಡಳು.

ನಿನ್ನ ಫೆಬ್ರವರಿಯ ಕಾಗದ ಓದಿದ ದಿನ ಹಿಟ್ಟಿಗೆ ಉಪ್ಪು ಹಾಕುವುದನ್ನೇ ಮರೆತೆ. ಅಷ್ಟೂ ಬ್ರೆಡ್ಡು ಸಪ್ಪೆ. ನಿನ್ನ ಮೇಲೆ ಬಂದ ಸಿಟ್ಟು ಎಷ್ಟಿತ್ತೆಂದರೆ, ಅದನ್ನೆಲ್ಲ ಎಡಗಡೆಯ ಅಂಚುಪಟ್ಟಿಗೆ ಉಜ್ಜಿದೆ. ಬಲಗಡೆ ಕೊರೆಯಲು ಚಾಕು ಹಿಡಿದದ್ದೂ ಉಂಟು, ನಾಲ್ಕು ಸಲ. ಪ್ರತಿ ಸಲವೂ ಅಪ್ಪ ಕಾಯುತ್ತ ಮಲಗಿದ್ದು ಕಣ್ಣ ಮುಂದೆ ಬಂದು ಕೈ ಏಳಲಿಲ್ಲ. ಕೇಳಿದ್ದರೆ ಆಗುತ್ತಿತ್ತಲ್ಲ ಅಕ್ಕಾ. ಒಂದು ಮಾತು, "ನನಗೂ ಒಂದು ಬೇಕು ಅಪ್ಪಾ" ಎಂದು. ನಿನ್ನ ಸುಳ್ಳು ಇಪ್ಪತ್ತು ಎಣಿಸುವಷ್ಟು ಹೊತ್ತಿನದು. ನನ್ನ ಬಿಗುಮಾನ ನಲವತ್ತು ವರ್ಷದ್ದು. ನಿನ್ನೊಬ್ಬಳ ಮೇಲೆ ಹೊರಿಸಿ ಕೈ ತೊಳೆದುಕೊಳ್ಳಲು ನೋಡಿದೆ, ಆಗಲಿಲ್ಲ.

ಇನ್ನೊಂದು ಹೇಳಬೇಕು. ನೀನು ಅಪ್ಪನಿಗೆ ಹೇಳಿದ್ದು ಪೂರ್ತಿ ಸುಳ್ಳಲ್ಲ. ಗುಡುಗಿಗೆ ನನಗೆ ಹೆದರಿಕೆ ಇತ್ತು. ಈಗಲೂ ಇದೆ, ಗುಡುಗಿದಾಗ ಒಲೆಯ ಪಕ್ಕ ಹೋಗಿ ನಿಲ್ಲುತ್ತೇನೆ. ಆದರೂ ನನಗೆ ಬೆಳಕಿಂಡಿ ಬೇಕಿತ್ತು.

ಶನಿವಾರ ಬರುತ್ತೇನೆ. ಒಲೆಯನ್ನು ಶುಕ್ರವಾರವೇ ಆರಿಸುತ್ತೇನೆ. ಬೆಳಗಿನ ಬಿಸಿಲು ದಿಂಬಿನ ಮೇಲಿರುವಾಗಲೇ ಅಂಚುಪಟ್ಟಿ ಅಂಟಿಸೋಣ, ಕೆಳಗಿನದು ಮೊದಲು. ಒದ್ದೆ ಬಟ್ಟೆ ತರುವುದಿಲ್ಲ.

ನನ್ನ ಚೌಕದಲ್ಲಿ ಕೂರಲು ಏನು ಮಾಡಬೇಕೆಂದು ಕೇಳಿದ್ದೀಯ. ಚಪ್ಪಲಿ ಒರೆಸುವುದು ಬೇಡ, ಹಾಕಿಕೋ. ನಾನು ವಾರ್ಡಿನ ಹೊರಗೆ ನಿಂತಿರುತ್ತೇನೆ. ಒಂಬತ್ತು ಹೆಜ್ಜೆಗೆ ಎಷ್ಟು ಹೊತ್ತು ಹಿಡಿದರೂ ಹಿಡಿಯಲಿ. ಈ ಸಲ ಬಾಗಿಲು ನೀನೇ ತೆಗೆಯಬೇಕು.

ನಿನ್ನ
ಗೂಬೆ